ರಹೀಮ್ ಸಾಹೇಬರೂ ಅಹ್ಮದ್ ಖಾನರೂ ಕೊಪ್ಪಳಕ್ಕೆ ನೆಂಟರೇ

ಭಾರತ ಫುಟ್‌ಬಾಲ್ ತಂಡದ ಕಥೆ ಶುರುವಾದರೆ ಮಾತು ಕಲ್ಕತ್ತಾ, ಗೋವಾ, ಕೇರಳ ಅಂತ ಸುತ್ತುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಅಂದರೆ ಭತ್ತ, ಜೋಳ, ಕೋಟೆ; ಫುಟ್‌ಬಾಲಿಗೂ ಅದಕ್ಕೂ ಏನು ಸಂಬಂಧ ಅಂತ ಕೇಳುವವರೇ ಹೆಚ್ಚು. ಸಂಬಂಧ ಉಂಟು. ಅದೂ ಎರಡು ಕಡೆಯಿಂದ.

1948ರ ಜುಲೈ 31. ಸ್ವತಂತ್ರ ಭಾರತದ ತಂಡ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಇಳಿಯಿತು. ನಮ್ಮ ಹುಡುಗರಲ್ಲಿ ಹೆಚ್ಚಿನವರದ್ದು ಬರಿಗಾಲು. ಸಿಕ್ಕಿದ ಎರಡು ಪೆನಾಲ್ಟಿಯೂ ಕೈತಪ್ಪಿತು, ಪಂದ್ಯ 2-1ರಲ್ಲಿ ಸೋತಿತು. ಭಾರತದ ಆ ಒಂದು ಗೋಲು ಹೊಡೆದದ್ದು ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್. ಬೆಂಗಳೂರಿನ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು. ಮುಂದೆ ಈಸ್ಟ್ ಬೆಂಗಾಲ್ ಕ್ಲಬ್ಬಿನ 'ಪಂಚಪಾಂಡವ'ರಲ್ಲಿ ಒಬ್ಬರಾದರು. 1951ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. ಬೆಂಗಳೂರಿನ ಆಟ ಆಗಲೇ ಹಳೆಯದು. ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ 1937ರಲ್ಲೇ ಮುಂಬೈಯ ರೋವರ್ಸ್ ಕಪ್ ಎತ್ತಿತ್ತು.

ಆದರೆ ರಾಮನ್ ಗೋಲು ಹೊಡೆದ ಆ ದಿನ ನಮ್ಮ ಈ ನಾಲ್ಕು ತಾಲೂಕು ಭಾರತದಲ್ಲೇ ಇರಲಿಲ್ಲ! ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗರ ಜಹಗೀರು. ಗಂಗಾವತಿ, ಕುಷ್ಟಗಿ ರಾಯಚೂರು ಜಿಲ್ಲೆ. ಎಲ್ಲವೂ ಹೈದರಾಬಾದ್ ನಿಜಾಮರ ಆಳ್ವಿಕೆ. ಒಕ್ಕೂಟಕ್ಕೆ ಸೇರಿದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ. ಹಾಗಾಗಿ 1956ರವರೆಗೆ ಇವರ ರಾಜಧಾನಿ ಹೈದರಾಬಾದ್.

ಹೈದರಾಬಾದ್ ಅಂದರೆ ಆಗ ಫುಟ್‌ಬಾಲಿನ ತವರು. ಶಾಲಾ ಮೇಷ್ಟ್ರಾಗಿದ್ದ ಸೈಯದ್ ಅಬ್ದುಲ್ ರಹೀಮ್ ಹೈದರಾಬಾದ್ ಪೊಲೀಸ್ ತಂಡ ಕಟ್ಟಿದರು. 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಅವರದ್ದೇ. ಅದೇ ರಹೀಮ್ ಸಾಹೇಬರು ಭಾರತ ತಂಡದ ಕೋಚ್ ಆದರು.

1956ರ ನವೆಂಬರ್ 1ಕ್ಕೆ ಕೊಪ್ಪಳದ ಸೀಮೆ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಮದ್ರಾಸಿನಲ್ಲಿದ್ದ ನಮ್ಮ ಮಂಗಳೂರು ಬಂದದ್ದೂ ಅದೇ ದಿನ. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್‌ನಲ್ಲಿ ರಹೀಮ್ ಸಾಹೇಬರ ತಂಡ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಮಣಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲ್ ಸೆಮಿಫೈನಲ್ ಮುಟ್ಟಿದ ಏಷ್ಯಾದ ಮೊದಲ ತಂಡ ಅದು. ಕೊನೆಗೆ ನಾಲ್ಕನೇ ಸ್ಥಾನ. ತಂಡದಲ್ಲಿ ಹೈದರಾಬಾದಿನ ನೂರ್ ಮೊಹಮ್ಮದ್, ಅಜೀಜುದ್ದೀನ್, ಅಹ್ಮದ್ ಹುಸೇನ್, ತುಳಸೀದಾಸ್ ಬಲರಾಮ್ ಇದ್ದರು. ಮೈಸೂರಿನ ಕೆಂಪಯ್ಯನವರೂ ಇದ್ದರು. ಕೊಪ್ಪಳದವರ ಹಳೆಯ ರಾಜ್ಯ, ಹೊಸ ರಾಜ್ಯ ಎರಡೂ ಒಂದೇ ಜೆರ್ಸಿಯಲ್ಲಿ!

ಆರು ವರ್ಷ ಕಳೆದು ಜಕಾರ್ತಾ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದಾಗಲೂ ಕೋಚ್ ರಹೀಮ್ ಸಾಹೇಬರೇ. ಮರುವರ್ಷ, 1963ರ ಜೂನ್‌ನಲ್ಲಿ ಕ್ಯಾನ್ಸರ್ ಅವರನ್ನು ಕರೆದೊಯ್ದಿತು. ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ಭಾರತಕ್ಕೆ ಮತ್ತೆ ಬಂದಿಲ್ಲ.

ಎರಡೂ ಕಡೆ ಇಷ್ಟೆಲ್ಲ ಇದ್ದರೂ ಆಟ ಮಧ್ಯದ ಈ ಊರುಗಳಿಗೆ ಯಾಕೆ ಇಳಿಯಲಿಲ್ಲ? ಫುಟ್‌ಬಾಲ್ ಬೆಳೆದದ್ದು ಕೆಲಸ ಸಿಗುವ ಕಡೆ. ಹೈದರಾಬಾದಿನಲ್ಲಿ ಪೊಲೀಸ್ ಇಲಾಖೆ, ಬೆಂಗಳೂರಿನಲ್ಲಿ ದಂಡು ಪ್ರದೇಶ, ಆಮೇಲೆ ಎಚ್‌ಎಎಲ್, ಐಟಿಐ. ಚೆನ್ನಾಗಿ ಆಡಿದವನಿಗೆ ಸಂಬಳ ಇತ್ತು, ಮನೆಯವರು ಬಯ್ಯಲಿಲ್ಲ. ಹಳ್ಳಿಯ ಹುಡುಗನಿಗೆ ಮೈದಾನವೂ ಇಲ್ಲ, ಕಲಿಸುವ ಮೇಷ್ಟ್ರೂ ಇಲ್ಲ, ಆಡಿದರೆ ಅನ್ನವೂ ಇಲ್ಲ ಅಂದರೆ ಎಷ್ಟು ದಿನ ಆಡಿಯಾನು?

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷದ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಮರುವರ್ಷ ರಹೀಮ್ ಸಾಹೇಬರ ಮೇಲೆ 'ಮೈದಾನ್' ಸಿನಿಮಾ ಬಂತು. ಕುಷ್ಟಗಿಯ ಹುಡುಗ ಅದನ್ನು ಬೇರೆ ಯಾರದ್ದೋ ಊರಿನ ಕಥೆ ಅಂತ ನೋಡಬೇಕಿಲ್ಲ. ಅವನ ಅಜ್ಜನ ಕಾಲದ ರಾಜಧಾನಿಯ ಮೇಷ್ಟ್ರು ಅವರು. ಮೇಷ್ಟ್ರೊಬ್ಬರು ಮನಸ್ಸು ಮಾಡಿದರೆ ಏನಾಗುತ್ತದೆ ಅಂತ ತೋರಿಸಿ ಹೋದವರು. ನಾಲ್ಕು ತಾಲೂಕಿಗೆ ನಾಲ್ಕು ಒಳ್ಳೆಯ ಮೈದಾನ, ನಾಲ್ಕು ಜನ ಕೋಚ್: ಕೇಳುವುದು ಇಷ್ಟೇ.