ಮಳೆಯ ಬೆನ್ನಿಗೆ ಬರುವ ರಿಫ್ಟ್ ಕಣಿವೆ ಜ್ವರ



ನಮ್ಮ ವೈದ್ಯಕೀಯ ನೆರವು ಸಮಿತಿಯಲ್ಲಿ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ನನ್ನದು. ಮಕ್ಕಳು ನೈರೋಬಿಯಲ್ಲಿ ನೌಕರಿಯಲ್ಲಿರುವ ಕೆಲವರು ಅಲ್ಲಿನ ಜ್ವರಗಳ ಬಗ್ಗೆ ಬರೆಯಲು ಕೇಳಿದ್ದರಿಂದ ಈ ಮಾಹಿತಿ.

1931ರಲ್ಲಿ ಕೀನ್ಯಾದ ರಿಫ್ಟ್ ಕಣಿವೆಯ ಕುರಿಗಳಲ್ಲಿ ಈ ರೋಗದ ವೈರಸ್ ಪತ್ತೆಯಾಯಿತು. ಮರಿಗಳು ಸಾಯುತ್ತವೆ, ಗಬ್ಬದ ಕುರಿಗಳು ಕಂದು ಹಾಕುತ್ತವೆ. ದನ, ಮೇಕೆ, ಒಂಟೆಗಳಿಗೂ ಇದು ತಗಲುತ್ತದೆ.

ಇದನ್ನು ಹರಡುವುದು ಸೊಳ್ಳೆ. ಸೋಂಕಿರುವ ಈಡಿಸ್ ಸೊಳ್ಳೆಯ ಮೊಟ್ಟೆಯಲ್ಲೇ ವೈರಸ್ ಇರಬಲ್ಲದು. ಅಂಥ ಮೊಟ್ಟೆಗಳು ಒಣನೆಲದಲ್ಲಿ ವರ್ಷಗಟ್ಟಲೆ ಉಳಿದು, ನೆರೆ ನೀರು ನಿಂತಾಗ ಒಡೆಯುತ್ತವೆ. 1997-98ರ ಎಲ್ ನಿನೋ ಮಳೆಯ ನಂತರ ಕೀನ್ಯಾ, ಸೊಮಾಲಿಯಾ, ಟಾಂಜಾನಿಯಾಗಳಲ್ಲಿ ರೋಗ ಹಬ್ಬಿದ್ದು ಹೀಗೆ. 2000ದಲ್ಲಿ ಅದು ಆಫ್ರಿಕಾ ದಾಟಿ ಸೌದಿ ಅರೇಬಿಯಾ, ಯೆಮೆನ್‌ಗಳಿಗೂ ಬಂತು.

ಮನುಷ್ಯರಿಗೆ ಸೊಳ್ಳೆಯಿಂದಲೂ ಬರುತ್ತದೆ. ಆದರೆ ಹೆಚ್ಚಿನವರಿಗೆ ತಗಲುವುದು ರೋಗಪೀಡಿತ ಪ್ರಾಣಿಯ ರಕ್ತ, ಅಂಗಾಂಗ ಮುಟ್ಟುವುದರಿಂದ. ಹಾಗಾಗಿ ಕುರಿಗಾಹಿಗಳು, ಕಸಾಯಿಗಳು, ಪಶುವೈದ್ಯರು ಮೊದಲು ಬೀಳುತ್ತಾರೆ. ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು ಕಂಡುಬಂದಿಲ್ಲ.

ಸೋಂಕು ತಗಲಿದ 2ರಿಂದ 6 ದಿನಗಳಲ್ಲಿ ಜ್ವರ, ಮೈಕೈ ನೋವು, ತಲೆನೋವು ಕಾಣಿಸುತ್ತವೆ. ಬಹುಪಾಲು ಜನ ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ಕಣ್ಣಿಗೆ ಅಥವಾ ಮಿದುಳಿಗೆ ಏರುತ್ತದೆ. ದೃಷ್ಟಿ ಶಾಶ್ವತವಾಗಿ ಹೋಗುವುದೂ ಉಂಟು. ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ ರಕ್ತಸ್ರಾವವಾಗುತ್ತದೆ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಉಳಿಯುವುದಿಲ್ಲ.

ಅಲ್ಲಿರುವವರು ಸೊಳ್ಳೆಪರದೆ ಕಟ್ಟಿ ಮಲಗಬೇಕು, ಹಾಲು ಕಾಯಿಸಿಯೇ ಕುಡಿಯಬೇಕು, ಮಾಂಸ ಚೆನ್ನಾಗಿ ಬೇಯಿಸಬೇಕು, ಸತ್ತ ಅಥವಾ ಕಂದು ಹಾಕಿದ ಪ್ರಾಣಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಊರಿಗೆ ಬಂದ ಮೇಲೆ ಜ್ವರ ಬಂದರೆ ಎಲ್ಲಿಂದ ಬಂದಿರೆಂದು ವೈದ್ಯರಿಗೆ ಮೊದಲೇ ಹೇಳಬೇಕು.

ಪ್ರಾಣಿಗಳೇ ಮೊದಲು ಸುಳಿವು ಕೊಡುವ ರೋಗ ನಮಗೆ ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗಲೇ ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ಗೊತ್ತಾದದ್ದು.

ಈ ಎರಡು ರೋಗಗಳಿಗೂ ನಿರ್ದಿಷ್ಟ ಔಷಧಿಯಿಲ್ಲ. ಆಸ್ಪತ್ರೆಯ ಹಾಸಿಗೆ, ಸಲೈನ್, ರಕ್ತ, ಹಗಲಿರುಳಿನ ಆರೈಕೆ, ಇವೇ ಚಿಕಿತ್ಸೆ. ದಿನಗೂಲಿಯ ಮನೆಗೆ ಇಷ್ಟನ್ನು ಭರಿಸುವುದೇ ಕಷ್ಟ. ಡೆಂಗಿಯಿಂದ ಮಲಗಿದವರ ಅರ್ಜಿಗಳಲ್ಲೂ ನಾನು ಕಾಣುವುದು ಇದನ್ನೇ. ನಮ್ಮ ನಿಧಿ ಇರುವುದು ಈ ಖರ್ಚಿಗಾಗಿ. ಮಳೆಗಾಲಕ್ಕೆ ಮುನ್ನ ನಿಮ್ಮ ಕೈಲಾದಷ್ಟು ನೆರವು ನೀಡಬೇಕೆಂದು ವಿನಂತಿ.