ಹವಳದ ತೊಟ್ಟಿಗೆ ಬರುವ ಕರೆಯದ ಅತಿಥಿಗಳು

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವುದನ್ನು ನೀವೆಲ್ಲರೂ ನೋಡಿದ್ದೀರಿ. ಉಪ್ಪುನೀರಿನಲ್ಲಿ ಜೀವಂತ ಹವಳಗಳನ್ನೇ ಬೆಳೆಸುವ ತೊಟ್ಟಿಯ ವಿಷಯ ಬೇರೆ. ಅಮೆರಿಕ ಮತ್ತು ಯೂರೋಪಿನಲ್ಲಿ ಇದು ಅನೇಕರ ಹವ್ಯಾಸ. ದೊಡ್ಡ ಸಾರ್ವಜನಿಕ ಮತ್ಸ್ಯಾಲಯಗಳಲ್ಲಿ ಮುಖ್ಯ ಆಕರ್ಷಣೆ. ಲೀಟರಿಗೆ ಸುಮಾರು 35 ಗ್ರಾಂ ಲವಣ, 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣತೆ, ಪ್ರಖರ ಬೆಳಕು, ಸದಾ ಚಲಿಸುವ ನೀರು – ಇಷ್ಟಿದ್ದರೆ ಕಡಲಿನ ಒಂದು ತುಣುಕು ಗಾಜಿನೊಳಗೆ ಬದುಕುತ್ತದೆ. ಆದರೆ ಆ ತುಣುಕಿನ ಜೊತೆಗೆ ಕಡಲಿನ ಜಗಳಗಳೂ ಒಳಗೆ ಬರುತ್ತವೆ.

ಹೇಗೆ ಬರುತ್ತವೆ? ಹವಳ ಅಂಟಿಕೊಂಡಿರುವ ಕಲ್ಲಿನ ಮೂಲಕ. ಆ ಕಲ್ಲಿನ ಬಿರುಕುಗಳಲ್ಲಿ ಹುಳು, ಏಡಿ, ಪಾಚಿ, ಮೊಟ್ಟೆಗಳು ಅಡಗಿರುತ್ತವೆ. ಕೆಲವು ವಾರಗಳ ನಂತರ ಒಂದೊಂದಾಗಿ ತಲೆ ತೋರುತ್ತವೆ. ಇವುಗಳಲ್ಲಿ ಯಾವುದು ಪೀಡೆ, ಯಾವುದು ಅಲ್ಲ? ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಕೈ ಹಾಕಬಾರದು ಎಂಬುದೇ ಹವಳ ಸಾಕುವವರ ಮೊದಲ ಪಾಠ.

ಐಪ್ಟೇಸಿಯ ಎಂಬ ಜೀವಿಯನ್ನು ತೆಗೆದುಕೊಳ್ಳಿ. ಇದು ಕೆಲವೇ ಸೆಂಟಿಮೀಟರ್ ಎತ್ತರದ, ಕಂದು ಬಣ್ಣದ ಕಡಲ ಹೂವು. ಹೂವೆಂದರೂ ಇದು ಪ್ರಾಣಿಯೇ. ಕಾಂಡದಂಥ ದೇಹ, ಅದರ ತುದಿಯಲ್ಲಿ ಎಳೆ ಎಳೆಯಾದ ಗ್ರಹಣಾಂಗಗಳು, ಅವುಗಳಲ್ಲಿ ಕುಟುಕುವ ಜೀವಕೋಶಗಳು. ಪಕ್ಕದ ಹವಳವನ್ನು ಕುಟುಕಿ ಹಿಂದೆ ಸರಿಸಿ, ಆ ಜಾಗವನ್ನು ತಾನು ಹಿಡಿಯುತ್ತದೆ. ಕಂಡ ಕೂಡಲೇ ಚಾಕುವಿನಿಂದ ಕೆರೆದು ಹಾಕೋಣ ಎನಿಸುವುದು ಸಹಜ. ಹಾಗೆ ಮಾಡಿದರೆ ಏನಾಗುತ್ತದೆ ಗೊತ್ತೆ? ಹೊಲದಲ್ಲಿ ಗರಿಕೆಯನ್ನು ಕತ್ತರಿಸಿ ಹರಡಿದಂತಾಗುತ್ತದೆ. ಅದರ ಬುಡದಿಂದ ಕಲ್ಲಿನ ಮೇಲೆ ಉಳಿದ ಚೂರು ಮತ್ತೊಂದು ಪೂರ್ಣ ಜೀವಿಯಾಗಿ ಬೆಳೆಯಬಲ್ಲದು. ಒಂದಿದ್ದದ್ದು ಹತ್ತಾಗುತ್ತದೆ.

ಹಾಗಾದರೆ ಉಪಾಯವೇನು? ಒಂದೆರಡೇ ಇದ್ದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಗಟ್ಟಿಯಾಗಿ ಕಲಸಿ, ಸಿರಿಂಜಿನಿಂದ ಅದರ ಬಾಯಿಯ ಮೇಲೆ ಬಿಡುತ್ತಾರೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣವೂ ಇದೇ ರಾಸಾಯನಿಕ. ಅದರ ತೀವ್ರ ಕ್ಷಾರ ಗುಣಕ್ಕೆ ಐಪ್ಟೇಸಿಯ ಸುಟ್ಟು ಕರಗುತ್ತದೆ. ಒಮ್ಮೆಲೇ ಹೆಚ್ಚು ಹಾಕಿದರೆ ಇಡೀ ತೊಟ್ಟಿಯ ಕ್ಷಾರತೆ ಏರಿ ಹವಳಕ್ಕೇ ಅಪಾಯ. ಸಂಖ್ಯೆ ಹೆಚ್ಚಿದ್ದರೆ ಜೈವಿಕ ನಿಯಂತ್ರಣವೇ ದಾರಿ. ಬರ್ಗಿಯ ಎಂಬ ಚಿಪ್ಪಿಲ್ಲದ ಪುಟ್ಟ ಮೃದ್ವಂಗಿಗೆ ಐಪ್ಟೇಸಿಯವೇ ಆಹಾರ. ಅದು ಮುಗಿದ ಮೇಲೆ ಇದೂ ಹಸಿವಿನಿಂದ ಸಾಯುತ್ತದೆ.

ಪೆಪ್ಪರ್‌ಮಿಂಟ್ ಸೀಗಡಿಯೂ ಐಪ್ಟೇಸಿಯವನ್ನು ತಿನ್ನುತ್ತದೆ. ಆದರೆ ಅಂಗಡಿಯಲ್ಲಿ ಅದರಂತೆಯೇ ಕೆಂಪು ಗೆರೆಗಳುಳ್ಳ ಒಂಟೆ ಸೀಗಡಿಯೂ ಸಿಗುತ್ತದೆ. ಇದು ಹವಳವನ್ನೇ ಕಚ್ಚಿ ತಿನ್ನುವ ಜಾತಿ. ಬೆನ್ನಿನ ಗೂನು, ಮೇಲೆ ಕೆಳಗೆ ಆಡಿಸಬಲ್ಲ ಮೂತಿ – ಇವು ಅದರ ಗುರುತು. ನೋಡಿದಿರಾ, ಔಷಧಿಯನ್ನೂ ಗುರುತಿಸಿಯೇ ತರಬೇಕು.

ಎಲ್ಲ ಅಪರಿಚಿತರೂ ಶತ್ರುಗಳಲ್ಲ. ರಾತ್ರಿ ಹೊತ್ತು ಹೊರಬರುವ ಮುಳ್ಳುಗೂದಲಿನ ಹುಳುಗಳು ನೋಡಲು ಭಯಂಕರ. ಆದರೆ ಅವುಗಳಲ್ಲಿ ಹೆಚ್ಚಿನವು ಉಳಿದ ಆಹಾರವನ್ನೂ ಸತ್ತ ಜೀವಿಗಳನ್ನೂ ತಿಂದು ತೊಟ್ಟಿಯನ್ನು ಚೊಕ್ಕಟ ಮಾಡುತ್ತವೆ. ಅವುಗಳ ಸಂಖ್ಯೆ ವಿಪರೀತ ಏರಿದರೆ ನಾವು ಹೆಚ್ಚು ಆಹಾರ ಹಾಕುತ್ತಿದ್ದೇವೆ ಎಂದೇ ಅರ್ಥ. ಇನ್ನು ಟ್ರಪೀಜಿಯ ಎಂಬ ಪುಟ್ಟ ಏಡಿ. ಅದು ಹವಳದ ಕೊಂಬೆಗಳ ನಡುವೆ ವಾಸಿಸುತ್ತದೆ. ಕಡಲಿನಲ್ಲಿ ಹವಳ ತಿನ್ನಲು ಬರುವ ಮುಳ್ಳುಕಿರೀಟದ ನಕ್ಷತ್ರಮೀನನ್ನು ಚಿವುಟಿ ಓಡಿಸುತ್ತದೆ. ಪೀಡೆಯೆಂದು ಇದನ್ನು ಕಿತ್ತರೆ ಕಾವಲುಗಾರನನ್ನೇ ಹೊರಗಟ್ಟಿದಂತೆ.

ಕೆಲವು ಪೀಡೆಗಳನ್ನು ಕೊಲ್ಲುವುದರಲ್ಲೇ ಅಪಾಯವಿದೆ. ತುಕ್ಕಿನ ಬಣ್ಣದ ಒಂದು ಬಗೆಯ ಚಪ್ಪಟೆ ಹುಳುಗಳು ಸಾವಿರಗಟ್ಟಲೆ ಒಮ್ಮೆಲೇ ಸತ್ತರೆ, ಅವುಗಳ ದೇಹದ ವಿಷ ನೀರಿಗೆ ಸೇರಿ ಮೀನುಗಳೂ ಸಾಯಬಹುದು. ಆದ್ದರಿಂದ ಮೊದಲು ಕೊಳವೆಯಿಂದ ಆದಷ್ಟೂ ಹುಳುಗಳನ್ನು ಹೀರಿ ತೆಗೆದು, ಆಮೇಲೆ ಔಷಧಿ ಹಾಕಿ, ಇದ್ದಿಲಿನ ಮೂಲಕ ನೀರನ್ನು ಶೋಧಿಸುತ್ತಾರೆ.

ಇದೆಲ್ಲಕ್ಕಿಂತ ಸುಲಭವಾದದ್ದು ಬಾಗಿಲಲ್ಲೇ ತಡೆಯುವುದು. ಹೊಸ ಹವಳವನ್ನು ಔಷಧಿಯ ನೀರಿನಲ್ಲಿ ಅದ್ದಿ, ಕೆಲವು ವಾರ ಪ್ರತ್ಯೇಕ ತೊಟ್ಟಿಯಲ್ಲಿ ಇಡುತ್ತಾರೆ. ಬರೀ ಅದ್ದಿದರೆ ಸಾಲದೆ? ಸಾಲದು. ಹುಳು ಸತ್ತರೂ ಅದರ ಮೊಟ್ಟೆ ಉಳಿಯುತ್ತದೆ. ಮೊಟ್ಟೆಯೊಡೆದು ಮರಿ ಹೊರಬಂದ ಮೇಲೆ ಮತ್ತೆ ಅದ್ದಬೇಕು.

ಗಾಜಿನ ತೊಟ್ಟಿಯ ಪೀಡೆಯಿಂದ ಹೊರಗಿನ ಜಗತ್ತಿಗೇನು ಎಂದು ನೀವು ಕೇಳಬಹುದು. 1984ರಲ್ಲಿ ಮೊನಾಕೋದ ಸಾಗರ ವಸ್ತುಸಂಗ್ರಹಾಲಯದ ಮುಂದಿನ ಕಡಲಿನಲ್ಲಿ ಕಾಲರ್ಪ ಟ್ಯಾಕ್ಸಿಫೋಲಿಯ ಎಂಬ ಅಕ್ವೇರಿಯಂ ಪಾಚಿ ಕಾಣಿಸಿತು. ಆಗ ಅದರ ಹರವು ಸುಮಾರು ಒಂದು ಚದರ ಮೀಟರ್. ಐಪ್ಟೇಸಿಯದಂತೆ ಇದೂ ತುಂಡಿನಿಂದ ಬೆಳೆಯುವಂಥದ್ದು. ದೋಣಿಗಳ ಲಂಗರಿಗೆ ಸಿಕ್ಕ ತುಂಡುಗಳು ಊರೂರು ಸೇರಿದವು. 2000ದ ವೇಳೆಗೆ ಮೆಡಿಟರೇನಿಯನ್ ತಳದ ಸುಮಾರು 130 ಚದರ ಕಿಲೋಮೀಟರ್ ಪ್ರದೇಶ ಅದಕ್ಕೆ ತುತ್ತಾಗಿತ್ತು. ಅದೇ 2000ದಲ್ಲಿ ಕ್ಯಾಲಿಫೋರ್ನಿಯದ ಒಂದು ಹಿನ್ನೀರಿನಲ್ಲಿ ಅದು ಕಾಣಿಸಿದಾಗ ತಜ್ಞರು ತಡಮಾಡಲಿಲ್ಲ. ಅದನ್ನು ಟಾರ್ಪಾಲಿನಿಂದ ಮುಚ್ಚಿ ಒಳಗೆ ಕ್ಲೋರಿನ್ ಹಾಯಿಸಿದರು. 2006ರಲ್ಲಿ ಅದು ನಿರ್ಮೂಲವಾಯಿತೆಂದು ಘೋಷಿಸಿದರು. ಬೇಗ ಗುರುತಿಸಿದ್ದರ ಫಲ ಇದು.

ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ನಮ್ಮ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಅವು ಅಲ್ಲೇ ಇರಲಿ. ನೋಡಿ ಬನ್ನಿ, ಕಿತ್ತು ತರಬೇಡಿ. ಮನೆಯ ತೊಟ್ಟಿ ಸಿಹಿನೀರಿನದ್ದೇ ಆಗಿದ್ದರೂ ಬೇಡವಾದ ಮೀನನ್ನೋ ಗಿಡವನ್ನೋ ಕೆರೆಗೆ, ಹೊಳೆಗೆ ಬಿಡಬೇಡಿ.

ಕೊನೆಗೊಂದು ಮಾತು. ಹವಳದ ಶತ್ರುವಾದ ಐಪ್ಟೇಸಿಯವನ್ನೇ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಅಕ್ಕರೆಯಿಂದ ಸಾಕುತ್ತಾರೆ. ಹವಳದಂತೆ ಅದರ ದೇಹದಲ್ಲೂ ಸೂಕ್ಷ್ಮ ಪಾಚಿ ಸಹಜೀವನ ನಡೆಸುತ್ತದೆ. ಕಡಲು ಬಿಸಿಯೇರಿದಾಗ ಹವಳ ಏಕೆ ಬಿಳಿಚಿಕೊಳ್ಳುತ್ತದೆ ಎಂಬುದನ್ನು ಅದರ ಮೂಲಕ ಅರಿಯಬಹುದು. ಅದರ ಜೀನೋಮಿನ ವಿವರ 2015ರಲ್ಲಿ ಪ್ರಕಟವಾಯಿತು. ಮುಂದೆ ನೀವು ಯಾವುದಾದರೂ ಮತ್ಸ್ಯಾಲಯಕ್ಕೆ ಹೋದಾಗ ಮೀನುಗಳನ್ನು ನೋಡಿ ಮುಗಿದ ಮೇಲೆ ಕಲ್ಲಿನ ಸಂದುಗಳನ್ನೂ ಒಂದಿಷ್ಟು ಹೊತ್ತು ದಿಟ್ಟಿಸಿ. ಕರೆಯದೆ ಬಂದವರು ಅಲ್ಲಿರಬಹುದು.