ಅತಿಥಿಯ ಕೂಸು ಅತ್ತರೆ ಸಂತೈಸುವವರಾರು?

ಒಂದೇ ಗಣಕಯಂತ್ರದೊಳಗೆ ಹಲವು ವರ್ಚುಯಲ್ ಗಣಕಗಳನ್ನು ನಡೆಸುವುದು ಈಗ ಹೊಸ ಸಂಗತಿಯಲ್ಲ. ನಿಜವಾದ ಒಂದು ನೆಟ್‌ವರ್ಕ್ ಕಾರ್ಡನ್ನು ಅಂಥ ಅತಿಥಿ ಗಣಕದ ಕೈಗೆ ನೇರವಾಗಿ ಒಪ್ಪಿಸಿದಾಗ ಪೇಚಾಟ ಶುರು.

ಕೆಲಸವಿದ್ದಾಗ ಕಾರ್ಡು ಪ್ರೊಸೆಸರನ್ನು ಕರೆಯುತ್ತದೆ. ಇದೇ ಇಂಟರಪ್ಟ್. ಹಳೆಯ ಪಿಸಿಐ ಪದ್ಧತಿಯಲ್ಲಿ ಇದು ಹಸಿದ ಕೂಸಿನ ಅಳು. ಕೇಳಿದ್ದು ಸಿಗುವ ತನಕ ನಿಲ್ಲದು. ಸಂತೈಸಬಲ್ಲ ಡ್ರೈವರ್ ಇರುವುದು ಅತಿಥಿಯೊಳಗೆ, ಅಳು ಕೇಳಿಸುವುದು ಆತಿಥೇಯ ಗಣಕಕ್ಕೆ!

ಸುಮ್ಮನೆ ಬಿಟ್ಟರೆ ಅಳು ಸೆಕೆಂಡಿಗೆ ಸಾವಿರಾರು ಸಲ ಮರುಕಳಿಸುತ್ತದೆ. ಒಂದು ಲಕ್ಷ ಕರೆಗಳಲ್ಲಿ 99,900ಕ್ಕಿಂತ ಹೆಚ್ಚಿನವಕ್ಕೆ ವಾರಸುದಾರರಿಲ್ಲವೆಂದು ಕಂಡರೆ ಲಿನಕ್ಸ್, 'ಯಾರೂ ಕೇಳುವವರಿಲ್ಲ' ಎಂದು ಬರೆದಿಟ್ಟು ಆ ತಂತಿಯನ್ನೇ ಮುಚ್ಚುತ್ತದೆ. ಆದ್ದರಿಂದ ಆತಿಥೇಯ ಮೊದಲು ಕರೆಗೆ ಮುಸುಕು ಹಾಕಿ, ಅತಿಥಿಗೆ ಸುದ್ದಿ ಮುಟ್ಟಿಸಿ, 'ಕೆಲಸ ಮುಗಿಯಿತು' ಎಂಬ ಉತ್ತರ ಬಂದ ಮೇಲಷ್ಟೇ ಮುಸುಕು ತೆಗೆಯುತ್ತದೆ.

ಆದರೆ ಒಂದೇ ತಂತಿಯನ್ನು ಆತಿಥೇಯನ ಡಿಸ್ಕೂ ಹಂಚಿಕೊಂಡಿದ್ದರೆ? ತಂತಿಗೆ ಮುಸುಕು ಬಿದ್ದೊಡನೆ ಡಿಸ್ಕಿನ ದನಿಯೂ ಅಡಗುತ್ತದೆ. ಅತಿಥಿ ಕೈಕೊಟ್ಟು ಕೂತರೆ ಡಿಸ್ಕು ಕಾಯುತ್ತಲೇ ಇರಬೇಕು. ಯಾರದೋ ತಪ್ಪಿಗೆ ಯಾರಿಗೋ ಶಿಕ್ಷೆ.

2002ರ ಪಿಸಿಐ 2.3 ನಿಯಮಾವಳಿ ದಾರಿ ತೋರಿತು. ಕರೆದವರು ಯಾರೆಂದು ತಿಳಿಸಲು ಒಂದು ಬಿಟ್, ಆ ಕಾರ್ಡಿನ ಬಾಯನ್ನಷ್ಟೇ ಮುಚ್ಚಲು ಇನ್ನೊಂದು. 2012ರಲ್ಲಿ ಲಿನಕ್ಸ್ 3.6ರೊಂದಿಗೆ ಬಂದ ವಿಎಫ್‌ಐಒ ಇವನ್ನೇ ನೆಚ್ಚಿದೆ; ಈ ಸೌಲಭ್ಯವಿಲ್ಲದ ಕಾರ್ಡಿಗೆ ತಂತಿ ಪೂರ್ತಿ ಸ್ವಂತದ್ದೇ ಆಗಿರಬೇಕೆನ್ನುತ್ತದೆ. ಬಿಟ್ ಇದ್ದೂ ಅದರ ಮಾತು ಕೇಳದ ಕಾರ್ಡುಗಳೂ ಇವೆ. ಅಂಥವುಗಳ ಪಟ್ಟಿಯನ್ನೇ ಲಿನಕ್ಸ್ ಇಟ್ಟುಕೊಂಡಿದೆ.